ಎರಡು ಮಾರಿಗೊಂದು ಗಿಡ

ಕಲಘಟಗಿ ದಾರಿಯಲ್ಲಿ ಬಸ್ಸಿನ ಗಾಲಿ ಬದಲಿಸುವವರೆಗೆ ಪಕ್ಕದ ಸಾಗವಾನಿ ತೋಟದ ನೆರಳಿಗೆ ಹೋದೆ. ಅರ್ಧ ತೋಟದ ಗಿಡಗಳು ದಪ್ಪ, ಇನ್ನರ್ಧದವು ಸಣಕಲು. ಎಲ್ಲವನ್ನೂ ನೆಟ್ಟಿದ್ದು ಮಾತ್ರ ಒಂದೇ ದಿನವಂತೆ.

"ಎರಡು ಮಾರಿಗೊಂದು ಗಿಡ ಅಂತ ಮಾತಾಗಿತ್ರಿ," ಎಂದರು ತೋಟದ ಈರಪ್ಪ ಕಾಕಾ, ಸುಣ್ಣದ ಡಬ್ಬಿ ಹಿಡಿದೇ ಎರಡೂ ಕೈ ಅಗಲಕ್ಕೆ ಚಾಚಿ ಒಂದು ಮಾರು ತೋರಿಸುತ್ತ. "ಆ ಕಡೆ ನಾ ಅಳದೆ, ಈ ಕಡೆ ಇಕಿ. ಇಕಿ ಕೈ ನೋಡ್ರಿ, ಗೇಣುದ್ದ."

"ಅವತ್ತ ಬಾಯಾಗ ಇದ ಕೈಯಿನ ರೊಟ್ಟಿ ಇತ್ರಿ, ಅದಕ್ಕ ಸುಮ್ಮನಿದ್ರು," ಎಂದರು ಹೆಂಡತಿ ಗಂಗವ್ವ.

ನಮ್ಮಜ್ಜಿಯೂ ಹೀಗೇ ಕೈ ಚಾಚಿ ಬಾವಿಹಗ್ಗ ಅಳೆಯುತ್ತಿದ್ದಳು. ಅಂಗಡಿಯವನ ಮಾರಿಗೂ ಅವಳ ಮಾರಿಗೂ ಎಂದೂ ತಾಳೆಯಾಗುತ್ತಿರಲಿಲ್ಲ.

ಇಕ್ಕಟ್ಟಾದ ಕಡೆ ಒಂದು ಬಿಟ್ಟು ಒಂದು ಕಡಿದರೆ ಉಳಿದ ಗಿಡಗಳು ದಪ್ಪಗಾಗುತ್ತವೆ, ಒಂದೊಂದೂ ಹೆಚ್ಚು ಇಂಗಾಲ ಹಿಡಿದಿಡುತ್ತದೆ ಎಂದು ಅರಣ್ಯ ಇಲಾಖೆಯವರು ಹೇಳಿ ಹೋಗಿದ್ದರು. ಕಡಿಯುವ ಗಿಡಗಳಿಗೆ ಕಾಕಾ ಸುಣ್ಣ ಹಚ್ಚುತ್ತ ಬಂದರು. ಒಂದು ಕಡೆ ಗಂಗವ್ವ ಎರಡು ಗಿಡಗಳ ನಡುವೆ ಅಡ್ಡ ನಿಂತುಬಿಟ್ಟರು.

"ಇವೆರಡು ಬಿಡ್ರಿ. ಮಮ್ಮಗನ್ನ ತೂಗೋ ಜೋಳಿಗಿ ಇಲ್ಲೇ ಕಟ್ಟಿದ್ವಿ. ನಿಮ್ಮ ಕಡೆ ಗಿಡಕ್ಕ ಹಗ್ಗ ಸಾಲಲಿಲ್ಲ, ನೆನಪೈತೇನು?"

ಕಾಕಾ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ, ಮುಂದಿನ ಗಿಡಕ್ಕೆ ನಡೆದರು.