ವೈನಿ ಕೇಳಿದ ಒಂದು ಮೈಲಿ

ನಮ್ಮ ವೈನಿಯ ಎಡಗೈ ಬಲಗೈಗಿಂತ ಎರಡು ಬಣ್ಣ ಕಪ್ಪಾಗಿತ್ತು. ಹತ್ತೊಂಬತ್ತು ವರ್ಷ ಸಿಟಿ ಬಸ್ಸಿನ ಎಡಬದಿಯ ಡ್ರೈವರ್ ಸೀಟಿನಲ್ಲಿ ಕಿಟಕಿ ಪಕ್ಕ ಬಿಸಿಲು ತಿಂದ ಕೈ ಅದು. ನಮಸ್ಕಾರ ಮಾಡಿದರೆ ಇಬ್ಬರು ಒಂದೊಂದು ಕೈ ಸೇರಿಸಿ ಮುಗಿದಂತೆ ಕಾಣುತ್ತಿತ್ತು. ಯಾರದೋ ಗೃಹಪ್ರವೇಶದಲ್ಲಿ ಒಬ್ಬಾಕೆ ಧೈರ್ಯ ಮಾಡಿ ಕ್ರೀಮಿನ ಹೆಸರೊಂದನ್ನು ಹೇಳಿದಾಗ ವೈನಿ, “ಇರ್ಲಿ ಬಿಡ್ರಿ, ಡ್ರೈವರ್ ಅಂತ ಗುರ್ತ ಸಿಗ್ತೈತಿ” ಅಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅದನ್ನೂ ನಿಂತುಕೊಂಡೇ ತಿಂದರು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ನಾವೆಲ್ಲ ಹುಬ್ಬಳ್ಳಿಯವರು. ನಾನು ಮದುವೆ ಮುರಿದುಕೊಂಡು, ಎರಡು ತಿಂಗಳು ಇದ್ದು ಹೋಗುತ್ತೇನೆಂದು ಪರದೇಶದ ರೆಕ್ಸ್‌ಡೇಲಿನ ಅವರ ಮನೆಯ ಬೇಸ್‌ಮೆಂಟಿಗೆ ಇಳಿದವಳು ಹನ್ನೊಂದು ವರ್ಷ ಅಲ್ಲೇ ಇದ್ದುಬಿಟ್ಟೆ. ಯಾವಾಗ ಹೋಗ್ತಿ ಅಂತ ವೈನಿ ಒಂದು ದಿನವೂ ಕೇಳಲಿಲ್ಲ. ಕೇಳುತ್ತಿದ್ದದ್ದು ಒಂದೇ: “ಗಾಡಿ ಯಾವಾಗ ಕಲೀತಿ?” ನನಗೆ ರಸ್ತೆಯೆಂದರೆ ಜೀವ ಹೋಗುವಷ್ಟು ಭಯ. ಮಳೆ ಬಂದರೂ ಹಿಮ ಬಂದರೂ, ತಮ್ಮ ಡ್ಯೂಟಿ ಇಲ್ಲದಾಗಲೆಲ್ಲ ವಾನ್ ಅನ್ನುವ ಪಕ್ಕದ ಊರಿನಲ್ಲಿದ್ದ ನನ್ನ ಬೇಕರಿ ಫ್ಯಾಕ್ಟರಿಯ ಶಿಫ್ಟಿಗೆ ಬಿಟ್ಟು ಬರುತ್ತಿದ್ದವರು ಅವರೇ.

ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು. ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಬಾಗಿಲ ಕಡೆ ಮುಖ ಮಾಡಿಯೇ ಬಿಡುತ್ತಿದ್ದರು. ಚಹಾ ಬರುವಷ್ಟರಲ್ಲಿ ಎದ್ದು ನಿಂತು “ನಡೀರಿ, ನಡೀರಿ” ಅನ್ನುತ್ತಿದ್ದರು. ವಾರವಿಡೀ ಬಸ್ಸು ಓಡಿಸಿ, ರಜೆಯ ದಿನ ಕಾರು ತೆಗೆದುಕೊಂಡು ಸುಮ್ಮನೆ ಅರ್ಧ ತಾಸಿನ ದೂರದ ಸ್ಟ್ರೀಟ್ಸ್‌ವಿಲ್‌ವರೆಗೆ ಹೋಗಿ, ಒಂದು ಕಾಫಿ ಕುಡಿದು ಬರುವುದು ಅವರ ವಿಶ್ರಾಂತಿ. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. “ಏನ್ ಕೆಲಸಾ ಐತ್ರಿ ಅಲ್ಲೆ?” ಅಂದರೆ, “ಹೋಗಿ ಬರೂ ಕೆಲಸಾ” ಅನ್ನುತ್ತಿದ್ದರು.

ಇಂಥವರು ಒಂದು ವಸಂತದಲ್ಲಿ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು. ಬೆನ್ನು ನೋವು ಅಂದರು. ಕಾರಿನ ಕೀಲಿಯನ್ನೂ ಅಣ್ಣನ ಕೈಗೆ ಕೊಟ್ಟರು. “ಇನ್ನ ಬಸ್ಸಿನ್ಯಾಗ ಹಿಂದ ಕುಂತು ನೋಡೂಣು, ನಾ ಹೆಂಗ ನಡಸ್ತಿದ್ದೆ ಅಂತ ಗೊತ್ತಾಗ್ತೈತಿ” ಅಂತ ನಗುತ್ತಾ ಹೇಳಿದರು. ಆಮೇಲೆ ಶುರುವಾಯಿತು ನೋಡಿ ನಮ್ಮ ಪಾಡು! ಬೆಳಗ್ಗೆ ಐದಕ್ಕೆ ಎದ್ದು ಅಡುಗೆಮನೆಯ ಕಪಾಟು ಖಾಲಿ ಮಾಡುವುದು, ಸಂಜೆಗೆ ಮತ್ತೆ ತುಂಬುವುದು. ಸೋಫಾ ಇವತ್ತು ಈ ಗೋಡೆಗೆ, ನಾಳೆ ಆ ಗೋಡೆಗೆ. ಬೆನ್ನು ನೋವಿನವರು ಸೋಫಾ ಎಳೆಯುವುದನ್ನು ನೋಡಿಯೂ ನನಗೆ ಅನುಮಾನ ಬರಲಿಲ್ಲ. ಅವರ ಮಗಳು, “ಅಮ್ಮಾ, ಪ್ಲೀಸ್, ಜಸ್ಟ್ ಸಿಟ್ ಡೌನ್!” ಅಂತ ಕೂಗುತ್ತಿದ್ದಳು. ವೈನಿ ಅವಳ ಕುರ್ಚಿಯನ್ನೂ ಎಳೆಯುತ್ತಿದ್ದರು.

ಆಗಸ್ಟಿನ ಒಂದು ಮಧ್ಯಾಹ್ನ ಫೋನು ಹಿಡಿದು ಬೇಸ್‌ಮೆಂಟಿಗೆ ಇಳಿದು ಬಂದರು. ಅದರಲ್ಲಿ ಸಪೂರವಾದ ಉದ್ದನೆಯ ದೋಣಿಯೊಂದು ಇಂಗ್ಲೆಂಡಿನ ಯಾವುದೋ ಕಾಲುವೆಯಲ್ಲಿ ತೆವಳುತ್ತಾ ಹೋಗುತ್ತಿತ್ತು.

“ನೋಡಿಲ್ಲೆ. ಇದನ್ನ ಒಂದು ವಾರ ಬಾಡಿಗಿಗೆ ಕೊಡ್ತಾರಂತ. ಒಳಗ ಒಲಿ, ಹಾಸಿಗಿ ಎಲ್ಲಾ ಐತಿ. ನಡಸಾಕ ಲೈಸೆನ್ಸ್ ಬೇಕಾಗಿಲ್ಲಂತ, ಯಾರ್ ಬೇಕಾದವರು ನಡಸಬಹುದಂತ!”

“ನಂಗ ಈಜು ಬರಂಗಿಲ್ಲ ವೈನಿ.”

“ನೀರು ಸೊಂಟದ ಮಟಾ ಐತಿ. ಬಿದ್ರ ಎದ್ದು ನಿಂದ್ರು.”

ಅಣ್ಣನಿಗೆ ಮೊಣಕಾಲಿನ ತೊಂದರೆ. “ಕರಕೊಂಡು ಹೋಗವಾ, ಇಲ್ಲಂದ್ರ ಇಕಿ ಗೋಡಿನೂ ಕಿತ್ತು ಇಡ್ತಾಳ” ಅಂತ ನನಗೆ ಕೈಮುಗಿದ. ಹೀಗೆ ಅಕ್ಟೋಬರಿನಲ್ಲಿ, ಇಬ್ಬರು ಹುಬ್ಬಳ್ಳಿ ಹೆಂಗಸರು ಖಡಕ್ ರೊಟ್ಟಿ ಡಬ್ಬಿ ಕಟ್ಟಿಕೊಂಡು ಇಂಗ್ಲೆಂಡಿನ ನಡುನಾಡಿನ ಒಂದು ಕಾಲುವೆಯ ದಂಡೆಗೆ ಹೋಗಿ ನಿಂತೆವು.

ದೋಣಿಯ ಉದ್ದ ವೈನಿಯ ಬಸ್ಸಿನಷ್ಟೇ, ಅಗಲ ಏಳಡಿಯೂ ಇಲ್ಲ. ಹಿಂಬದಿಯಲ್ಲಿ ನಿಂತು ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಅದೂ ತಳ್ಳಿದ ಮೇಲೆ ನಾಲ್ಕು ಎಣಿಸಿದಾಗ. ಬಾಡಿಗೆಗೆ ಕೊಟ್ಟಾತ ಒಂದು ತಾಸು ಎಲ್ಲ ಹೇಳಿಕೊಟ್ಟ. ಮುಖ್ಯವಾಗಿ ಲಾಕ್ ದಾಟುವುದು. ಕಾಲುವೆ ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುವಲ್ಲಿ ಕಲ್ಲಿನಿಂದ ಕಟ್ಟಿದ ಉದ್ದನೆಯ ತೊಟ್ಟಿ ಇರುತ್ತದೆ, ಎರಡೂ ತುದಿಗೆ ಮರದ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ಕಿಂಡಿಯನ್ನು ಕಬ್ಬಿಣದ ಹ್ಯಾಂಡಲ್ ತಿರುಗಿಸಿ ತೆರೆದರೆ ನೀರು ಇಳಿಯುತ್ತದೆ, ಜೊತೆಗೆ ದೋಣಿಯೂ. ಆದರೆ ಹಿಂದಿನ ಬಾಗಿಲ ಬುಡದಲ್ಲಿ ನೀರೊಳಗೆ ಕಲ್ಲಿನ ಹೊಸ್ತಿಲು ಇರುತ್ತದೆ. ಪಕ್ಕದ ಗೋಡೆಗೆ ಒಂದು ಬಿಳಿ ಗೆರೆ ಬಳಿದಿರುತ್ತಾರೆ. ದೋಣಿಯ ಹಿಂಭಾಗ ಆ ಗೆರೆಯಿಂದ ಹಿಂದೆ ಸರಿಯಕೂಡದು, ಸರಿದರೆ ಹೊಸ್ತಿಲ ಮೇಲೆ ಸಿಕ್ಕಿಕೊಂಡು ದೋಣಿ ಮುಗ್ಗರಿಸುತ್ತದೆ. “ಏನೇ ಎಡವಟ್ಟಾದರೂ ಮೊದಲು ಕಿಂಡಿ ಮುಚ್ಚು” ಅಂತ ಆತ ನನಗೆ ಎರಡು ಸಲ ಹೇಳಿದ. ನನ್ನ ಮುಖ ನೋಡಿಯೇ ಎರಡನೇ ಸಲ ಹೇಳಿದ್ದಿರಬೇಕು.

ಮೊದಲ ದಿನ ವೈನಿಗೆ ಆ ನಿಧಾನವನ್ನೇ ಸಹಿಸಲಾಗಲಿಲ್ಲ. ದಂಡೆಗೆ ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಇನ್ನೂ ನಿಧಾನ ಮಾಡಬೇಕು. ನಾಯಿ ಹಿಡಿದುಕೊಂಡು ನಡೆಯುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ದಾಟಿ ಹೋದಳು. “ಅಯ್ಯ, ನಡಿಯೋರು ನಮ್ಮನ್ನ ಓವರ್‌ಟೇಕ್ ಮಾಡಾಕತ್ತಾರಲೇ!” ಅಂತ ವೈನಿ ಹಲ್ಲು ಕಡಿದರು. ನೀರಿನ ತುಂಬ ಹಳದಿ ಎಲೆ. ಅವು ದೋಣಿಯ ಕೆಳಗೆ ತಿರುಗುವ ಪ್ರೊಪೆಲ್ಲರಿನ ರೆಕ್ಕೆಗೆ ಸುತ್ತಿಕೊಂಡು ಎಂಜಿನ್ ಏದುಸಿರು ಬಿಟ್ಟಾಗ ಒಂದು ಕ್ಷಣ ರಿವರ್ಸ್ ಕೊಟ್ಟು ಉದುರಿಸಬೇಕು. ಅದು ಮಾತ್ರ ಅವರಿಗೆ ಬಹಳ ಹಿಡಿಸಿತು. ಎಲೆ ಸಿಕ್ಕದಿದ್ದರೂ ರಿವರ್ಸ್ ಕೊಡುತ್ತಿದ್ದರು. ಎರಡನೇ ದಿನಕ್ಕೆ ಹಾಡು ಗುನುಗಲು ಶುರುಮಾಡಿದರು. ಆರು ತಿಂಗಳಿಂದ ಆ ಮುಖದಲ್ಲಿ ಕಾಣದ ಖುಷಿ ಮರಳಿತ್ತು. ನೋಡಿ ನನಗೂ ಹೊಟ್ಟೆ ತಣ್ಣಗಾಯಿತು.

ಆದರೂ ಏನೋ ಸರಿಯಿರಲಿಲ್ಲ. ಸೇತುವೆಯ ಕೆಳಗೆ ಹೋದಾಗಲೆಲ್ಲ ದೋಣಿಯ ಪಕ್ಕ ಗೋಡೆಗೆ ಕರ್ ಅಂತ ಉಜ್ಜುತ್ತಿತ್ತು. ದಂಡೆಗೆ ಕಟ್ಟಿದ್ದ ಒಂದು ದೋಣಿಗೆ ದಢ್ ಅಂತ ಗುದ್ದಿದೆವು. ಒಳಗಿದ್ದಾತ ಚೆಲ್ಲಿದ ಚಹಾದ ಮಗ್ ಹಿಡಿದು ಹೊರಗೆ ಬಂದು, ವೈನಿ ಹತ್ತು ಸಲ ಸಾರಿ ಹೇಳಿದ ಮೇಲೆ ಒಳಗೆ ಹೋದ. “ಬಲಕ್ಕ ಜಾಗ ಎಷ್ಟೈತಿ ಹೇಳು” ಅಂತ ವೈನಿ ಆಗಾಗ ಕೇಳುತ್ತಿದ್ದರು. ನನಗೆ ಪಾಠ ಮಾಡುತ್ತಿದ್ದಾರೆ ಅಂದುಕೊಂಡು ನಾನು ಮೂರಡಿ, ಎರಡಡಿ ಅಂತ ಶಾಲೆಯ ಹುಡುಗಿಯಂತೆ ಉತ್ತರ ಕೊಡುತ್ತಿದ್ದೆ.

ಮೂರನೇ ದಿನ, ಮಂಜು ಕರಗಿ ಬಿಸಿಲು ಬಂದ ಹೊತ್ತು. ಆ ಬೆಳಗ್ಗೆಯ ಎರಡನೇ ಲಾಕ್. ನಾನು ಮೇಲೆ ದಂಡೆಯಲ್ಲಿ ಹ್ಯಾಂಡಲ್ ತಿರುಗಿಸಿ ಮುಂದಿನ ಕಿಂಡಿ ತೆರೆದೆ. ನೀರು ಭೋರ್ ಅಂತ ಹೊರಗೆ ಹೋಗತೊಡಗಿತು. ವೈನಿ ದೋಣಿಯ ಹಿಂಬದಿಯಲ್ಲಿ ನೆಟ್ಟಗೆ ಮುಂದೆ ನೋಡುತ್ತಾ ನಿಂತಿದ್ದರು. ದೋಣಿ ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಬಿಳಿ ಗೆರೆ ಅವರ ಭುಜದ ಪಕ್ಕಕ್ಕೆ ಬಂತು, ಅವರನ್ನು ದಾಟಿ ಮುಂದೆ ಹೋಯಿತು. ಅವರು ತಿರುಗಿಯೂ ನೋಡಲಿಲ್ಲ.

“ವೈನೀ, ಮುಂದಕ್ಕ! ಗೆರಿ ದಾಟೇತಿ!”

ಅಷ್ಟರಲ್ಲಿ ಕೆಳಗಿನಿಂದ ಕಟಕಟ ಸದ್ದಾಯಿತು. ಹಿಂಭಾಗ ಹೊಸ್ತಿಲ ಮೇಲೆ ಕೂತುಬಿಟ್ಟಿತ್ತು. ನೀರು ಇಳಿದಂತೆ ಮುಂಭಾಗ ಮಾತ್ರ ಇಳಿಯುತ್ತಿತ್ತು. ಒಳಗೆ ಪಾತ್ರೆಗಳು ಧಡಧಡ ಉರುಳಿದವು. ವೈನಿ ಎರಡೂ ಕೈಯಲ್ಲಿ ಚುಕ್ಕಾಣಿಗೆ ಜೋತುಬಿದ್ದರು. ಬಾಡಿಗೆಗೆ ಕೊಟ್ಟಾತ ಎರಡು ಸಲ ಹೇಳಿದ್ದು ಪುಣ್ಯ, ಕಿಂಡಿ ಮುಚ್ಚಿದೆ. ಒಂದು ಬದಿಯದು, ಇನ್ನೊಂದು ಬದಿಯದು. ಆಮೇಲೆ ಓಡಿ ಹೋಗಿ ಹಿಂದಿನ ಬಾಗಿಲ ಕಿಂಡಿಯನ್ನು ಇಷ್ಟಿಷ್ಟೇ ತೆರೆದೆ. ಮೇಲಿನ ನೀರು ಒಳಗೆ ಬಂತು. ಮುಂಭಾಗ ಗೇಣು ಗೇಣಾಗಿ ಎದ್ದು, ಕೊನೆಗೆ ಇಡೀ ದೋಣಿ ಒಮ್ಮೆ ಓಲಾಡಿ ತೇಲಿತು. ನಾನು ಹುಲ್ಲಿನ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತೆ.

ದೋಣಿಯನ್ನು ದಂಡೆಗೆ ಕಟ್ಟಿದ ಮೇಲೆ ಒಳಗೆ ಬಂದೆವು. ನೆಲದ ತುಂಬ ಖಡಕ್ ರೊಟ್ಟಿಯ ಚೂರು. ವೈನಿ ಹಾಸಿಗೆಯ ಅಂಚಿಗೆ ಕುಳಿತರು. ನಾನು ಮೈಮೇಲೆ ಬಂದವಳ ಹಾಗೆ ಕೂಗಿದೆ. “ಗೆರಿ ನಿಮ್ಮ ಮಗ್ಗಲಕ್ಕ ಇತ್ತಲ್ರಿ! ಕಣ್ಣು ಎಲ್ಲಿತ್ತು ನಿಮ್ದು?”

“ಮಗ್ಗಲದ್ದು ಕಾಣಂಗಿಲ್ಲ ನಂಗ” ಅಂದರು. “ಮುಂದ ಇದ್ದದ್ದು ಅಷ್ಟ ಕಾಣ್ತೈತಿ, ಪೈಪಿನ್ಯಾಗಿಂದ ನೋಡಿದಂಗ. ಬಲಕ್ಕಂತೂ ಏನೂ ಇಲ್ಲ. ಕುತ್ತಿಗಿ ತಿರುಗಿಸಿ ನೋಡಬೇಕು. ಇಷ್ಟು ವರ್ಷ ಕಣ್ಣಂಚಿನ್ಯಾಗ ಕನ್ನಡಿ ನೋಡಿದ ರೂಢಿ, ತಿರುಗಿಸೂದು ಮರತುಬಿಡ್ತೀನಿ.”

ಗ್ಲುಕೋಮಾ. ಕಣ್ಣಿನ ಡಾಕ್ಟರು ಸಾರಿಗೆ ಇಲಾಖೆಗೆ ಬರೆದುಹಾಕಿದ ಮೇಲೆ ಲೈಸೆನ್ಸ್ ಹೋಗಿತ್ತು. ಬೆನ್ನು ನೋವು ಬರೀ ನೆಪ. ಅಣ್ಣನಿಗೂ ಹೇಳಿರಲಿಲ್ಲ.

“ಅಷ್ಟು ಗೊತ್ತಿದ್ದೂ ನನ್ನ ಕರಕೊಂಡು ಬಂದು ನೀರಿಗೆ ಇಳಿಸಿದ್ರೇನು?”

“ಲೈಸೆನ್ಸ್ ಹೋದ ಮ್ಯಾಲೆ ರಸ್ತೇದಾಗ ಒಂದಿನಾನೂ ಸ್ಟೇರಿಂಗ್ ಮುಟ್ಟಿಲ್ಲ. ಅಲ್ಲೆ ಮಂದಿ ಅದಾರ. ಇಲ್ಲೆ ನಡಿಗಿ ಸ್ಪೀಡಿನ್ಯಾಗ ಯಾರೂ ಸಾಯಂಗಿಲ್ಲ ಅಂದ್ಕೊಂಡೆ. ಒಂದು ವಾರ, ಇನ್ನ ಒಂದ ಒಂದು ವಾರ ಏನರ ನಡಸಬೇಕನಿಸ್ತು. ತಪ್ಪಾತು.” ಆಮೇಲೆ ತಮ್ಮ ಅಂಗೈಗಳನ್ನು ನೋಡಿಕೊಂಡು, “ಖಾಲಿ ಕೈಗೆ ಏನ್ ಮಾಡಬೇಕ ತಿಳಿಯಂಗಿಲ್ಲ ನಂಗ” ಅಂದರು.

ನನಗೆ ಪಾಪ ಅನ್ನಿಸಿತು. ಸಿಟ್ಟೂ ಇಳಿಯಲಿಲ್ಲ. ಎರಡೂ ಒಟ್ಟಿಗೆ ಇದ್ದವು.

ದೋಣಿಯನ್ನು ಅಲ್ಲೇ ಬಿಟ್ಟು ಬರುವಂತಿರಲಿಲ್ಲ. ತಿರುಗಿಸಲು ಅಗಲವಾದ ಜಾಗ ಸಿಕ್ಕುವವರೆಗೂ, ಅಲ್ಲಿಂದ ವಾಪಸು ದೋಣಿ ಬಾಡಿಗೆಗೆ ಕೊಟ್ಟವರ ಯಾರ್ಡಿನವರೆಗೂ ಯಾರಾದರೂ ನಡೆಸಬೇಕು. “ಹಿಡಿ” ಅಂದರು. ಹಿಡಿದೆ. ಸೈಕಲ್ಲು ಕೂಡ ತುಳಿಯದ ನಾನು ನಲವತ್ತಡಿ ಕಬ್ಬಿಣವನ್ನು ಎಡಕ್ಕೆ ತಳ್ಳಿ ಬಲಕ್ಕೆ ಹೋದೆ. ವೈನಿ ಒಳಗೆ ಕೂರುವವರೇ? ದಂಡೆಗೆ ಹಾರಿ, ಕಾಲುವೆಯುದ್ದಕ್ಕೂ ಇರುವ ಕಾಲುದಾರಿಯಲ್ಲಿ ನನ್ನ ಜೊತೆಗೇ ನಡೆದರು. “ಈಗ ತಳ್ಳು. ಎಣಸು. ಹೊಳ್ಳಿ ಸೀದಾ ಮಾಡು. ಎದುರು ದೋಣಿ ಬಂತು, ನೀ ಬಲಕ್ಕ ಬಾ, ಹೆದರಬ್ಯಾಡ, ಅವನೂ ನಿನ್ನಂಗ ಹೆದರ್ಯಾನ.” ಲಾಕ್ ಬಂದಾಗ ಹ್ಯಾಂಡಲ್ ಅವರ ಕೈಗೆ, ಚುಕ್ಕಾಣಿ ನನ್ನ ಕೈಗೆ. ಮೂರು ದಿನ ಹೀಗೇ. ಒಮ್ಮೊಮ್ಮೆ ನನಗಿಂತ ಬಹಳ ಮುಂದೆ ಹೋಗಿ, ಸೇತುವೆಯ ಬಳಿ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು.

ಕೊನೆಯ ದಿನ. ಮುಂದೆ ಲಾಕ್ ಇಲ್ಲ, ಸೇತುವೆ ಇಲ್ಲ. ಒಂದು ಮೈಲಿ ನೆಟ್ಟಗಿನ ಕಾಲುವೆ, ಅದರ ತುದಿಗೆ ಯಾರ್ಡು. ಎರಡೂ ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ವೈನಿ ದೋಣಿಗೆ ಹತ್ತಿ ನನ್ನ ಪಕ್ಕ ಬಂದು ನಿಂತರು. ಯಾರ ಹತ್ತಿರವೂ ಏನನ್ನೂ ಕೇಳದ ಹೆಂಗಸು, ಮೆಲ್ಲಗೆ ಕೇಳಿದರು.

“ಇದೊಂದು ಮೈಲಿ ನಂಗ ಕೊಡ್ತೀ?”

ನಾನು ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ. “ಬ್ಯಾಡ್ರಿ ವೈನಿ” ಅಂದೆ.

“ಆತು” ಅಂದರು. ದೋಣಿ ದಂಡೆಯ ಹತ್ತಿರ ಬಂದಾಗ ಇಳಿದು ನಡೆಯತೊಡಗಿದರು. ಯಾರ್ಡು ಬರುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ರೆಕ್ಸ್‌ಡೇಲಿಗೆ ಬಂದ ದಿನವೇ ಅಡುಗೆಮನೆಯಲ್ಲಿ ನಿಂತುಕೊಂಡು ಅಣ್ಣನಿಗೆ ಹೇಳಿದರು, “ಕಣ್ಣು ಹೊಂಟಾವು. ಬೆನ್ನು ಚಲೋ ಐತಿ.” ಮರುವಾರವೇ ನನ್ನನ್ನು ಡ್ರೈವಿಂಗ್ ಕ್ಲಾಸಿಗೆ ಹಾಕಿದರು. ತಾವೂ ಹಿಂದಿನ ಸೀಟಿನಲ್ಲಿ ಕುಳಿತು ಇಷ್ಟು ಮಾತಾಡುತ್ತಿದ್ದರೆಂದರೆ, ಕಲಿಸುವ ಪಂಜಾಬಿ ಮನುಷ್ಯ ಒಂದು ದಿನ ಗಾಡಿ ನಿಲ್ಲಿಸಿ, “ಆಂಟೀಜಿ, ಆಪ್ ಸಿಖಾಯೇಂಗೀ ಯಾ ಮೈಂ?” ಅಂತ ಕೇಳಿದ. “ಇಬ್ರೂ ಕಲಸೂಣು, ಇಕಿಗೆ ಒಬ್ರು ಸಾಲಂಗಿಲ್ಲ” ಅಂತ ವೈನಿ ಕನ್ನಡದಲ್ಲೇ ಹೇಳಿದರು. ಎರಡು ಸಲ ಫೇಲಾಗಿ ಮೂರನೆಯದಕ್ಕೆ ಪಾಸಾದೆ. ಇವತ್ತು ನಾನೇ ಗಾಡಿ ಓಡಿಸಿಕೊಂಡು ಶಿಫ್ಟಿಗೆ ಹೋಗುತ್ತೇನೆ, ಬೇರೆ ಮನೆ ಮಾಡಿದ್ದೇನೆ. ಅದೆಲ್ಲ ವೈನಿ ಕೊಟ್ಟದ್ದು.

ಅವರ ಕಣ್ಣು ಬರಬರುತ್ತಾ ಇನ್ನೂ ಕಿರಿದಾಯಿತು. ನಡೆಯುವುದನ್ನು ಮಾತ್ರ ಬಿಡಲಿಲ್ಲ. ಕಳೆದ ಚಳಿಗಾಲದಲ್ಲಿ ಹೃದಯ ಕೈಕೊಟ್ಟು ಆಸ್ಪತ್ರೆ ಸೇರಿದರು. ಮಂಚದ ಮೇಲೂ ಕಾಲು ಸುಮ್ಮನಿರುತ್ತಿರಲಿಲ್ಲ, ಚಾದರದೊಳಗೆ ಆಡುತ್ತಲೇ ಇದ್ದವು.

ಎರಡು ವರ್ಷ ಆ ಮೈಲಿ ನನ್ನ ಎದೆಯಲ್ಲಿ ಚುಚ್ಚುತ್ತಾ ಇತ್ತು. ಖಾಲಿ ಕಾಲುವೆ, ನಾನು ಪಕ್ಕದಲ್ಲೇ ನಿಂತಿದ್ದೆ, ಏನಾಗುತ್ತಿತ್ತು ಕೊಟ್ಟಿದ್ದರೆ? ಭಯದಿಂದ ಬೇಡ ಅಂದೆನೋ, ಸಿಟ್ಟಿನಿಂದ ಅಂದೆನೋ, ನನಗೇ ಗೊತ್ತಿರಲಿಲ್ಲ. ಒಂದು ಸಂಜೆ ಅವರಿಗೆ ಗಂಜಿ ಕುಡಿಸುತ್ತಾ ತಡೆಯಲಾರದೆ ಹೇಳಿಬಿಟ್ಟೆ. “ವೈನಿ, ಅವತ್ತು ಆ ಮೈಲಿ ನಿಮಗ ಕೊಡಬೇಕಿತ್ತು ನಾನು.”

ವೈನಿ ನನ್ನ ಮುಖ ಸಿಗುವವರೆಗೆ ಕುತ್ತಿಗೆ ತಿರುಗಿಸಿದರು.

“ಹುಚ್ಚಿ, ಚಲೋ ಆತು ಕೊಡಲಿಲ್ಲ. ಕೊಟ್ಟಿದ್ರ ನಾ ಹೊಳ್ಳಿ ಕೊಡ್ತಿದ್ದಿಲ್ಲ.”

ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವನ್ನೇ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೆರಡು ಚಮಚ ಗಂಜಿ ಕುಡಿದು ಸಾಕೆಂದರು. ಆ ವಾರವೇ ಹೊರಟುಹೋದರು.