ಕೆಳಗಿನ ಮನೆಯ ಸೂತಕ, ಮೇಲಿನ ಮನೆಯ ಸ್ಪೀಕರು

ನನ್ನ ಹೆಂಡತಿಯ ಕಿವಿ ಹೋಗುತ್ತಿದೆ ಎಂದು ನಮಗೆ ಮೊದಲು ತಿಳಿಸಿದ್ದು ಕುಕ್ಕರು. ಅವಳು ಅಡುಗೆಮನೆಯಲ್ಲೇ ನಿಂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಪಕ್ಕದಲ್ಲೇ ಕುಕ್ಕರು ಕೂಗಿ ಕೂಗಿ, ಬೇಳೆ ತಳ ಹತ್ತಿ, ವಾಸನೆ ನಾನಿದ್ದ ಕೋಣೆಗೂ ಬಂತು. ನಾನು ಎದ್ದು ಹೋಗಿ ರೇಗಿದೆ. "ಎಲ್ಲಿ ಕೂಗ್ತು?" ಎಂದಳು. ಅಣಕಿಸುತ್ತಿದ್ದಾಳೆ ಎಂದುಕೊಂಡೆ. ಮುಖ ನೋಡಿದರೆ ಅಣಕವಿರಲಿಲ್ಲ.

ಕಿವಿಯ ಡಾಕ್ಟರು ನಮ್ಮ ಹುಬ್ಬಳ್ಳಿಯ ಕಡೆಯ ಹುಡುಗಿ. ಕಾಶಿಯಲ್ಲಿ ಕನ್ನಡ ಮಾತಾಡುವ ಡಾಕ್ಟರು ಸಿಕ್ಕಿದ್ದೇ ಪುಣ್ಯ ಎಂದು ನಾವು ಹಿಗ್ಗಿದ್ದೆವು. ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ನನ್ನ ಹೆಂಡತಿಯನ್ನು ಕೂಡಿಸಿ ಪರೀಕ್ಷೆ ಮಾಡಿ, ನನ್ನನ್ನು ಒಳಗೆ ಕರೆದು ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಗಣಿತ ಕಲಿಸಿಯೇ ತಲೆ ಬೆಳ್ಳಗಾದವನು ನಾನು. ಇಳಿಯುವ ಗೆರೆಯ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಕೇಳಿದೆ, ಇದು ಎಲ್ಲಿಯಾದರೂ ನಿಲ್ಲುತ್ತದೆಯೇ ಎಂದು.

"ಹೋದದ್ದು ತಿರುಗಿ ಬರೂದಿಲ್ರೀ ಸರ. ಮ್ಯಾಲಿನ ಸಪ್ಪಳ, ಸೀಟಿಯಂಥಾವು, ಮೊದಲ ಹೋಗ್ತಾವ, ಆಮ್ಯಾಲೆ ಒಂದೊಂದ ಕೆಳಗ ಇಳಕೋತ ಬರ್ತದ. ಮಶೀನ್ ಹಾಕಿದ್ರ ಮಾತು ತಿಳೀತಾವ. ಹಾಡು ಮಾತ್ರ..." ಎಂದು ಆಕೆ ಗೆರೆಯ ತುದಿಗೆ ಪೆನ್ನು ಇಟ್ಟರು. "ಮೇಡಮ್ಮಾರಿಗೆ ಏನು ಕೇಳ್ಬೇಕಂತ ಆಸೆ ಅದನೋ ಅದನ್ನ ಈಗ ಕೇಳಿಸಿಬಿಡ್ರಿ."

ನನ್ನ ಹೆಂಡತಿ ಹಾಡು ಕಲಿತವಳು. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಕಲಿತದ್ದನ್ನು ಇಲ್ಲಿ, ಗಂಗೆಯ ದಡದಲ್ಲಿ, ಕರ್ನಾಟಕ ಸಂಗೀತ ಯಾರಿಗೂ ಬೇಡವಾದ ಊರಲ್ಲಿ, ಒಬ್ಬಳೇ ಉಳಿಸಿಕೊಂಡು ಬಂದಳು. ನಾನು ಇದರಲ್ಲಿ ಕೋಣ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವಳೇ ಎಷ್ಟೋ ಸಲ ಹೇಳಿದ್ದಾಳೆ. ನನ್ನ ಕಿವಿ ಇವತ್ತಿಗೂ ಪಕ್ಕದ ಗಲ್ಲಿಯಲ್ಲಿ ಸೂಜಿ ಬಿದ್ದರೆ ಕೇಳಿಸಿಕೊಳ್ಳುತ್ತದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ದೇವರ ಈ ಹಂಚಿಕೆಯ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಕ್ವಾರ್ಟರ್ಸ್ ಬಿಟ್ಟು ಘಾಟಿನ ಹತ್ತಿರದ ಶಿವಾಲ ಬಡಾವಣೆಗೆ ಬಂದದ್ದೂ ಆ ಕಿವಿಯ ಕಾರಣಕ್ಕೇ. ಅವಳು ತುಟಿ ನೋಡಿ ಮಾತು ಹಿಡಿಯಲು ಕಲಿಯುತ್ತಿದ್ದಳು. ಆದರೆ ಅದು ಆಗುತ್ತಿದ್ದದ್ದು ಕನ್ನಡದಲ್ಲಿ ಮಾತ್ರ. ಇಷ್ಟು ವರ್ಷ ಸಲೀಸಾಗಿ ಆಡಿದ ಹಿಂದಿ, ತರಕಾರಿಯವನ ತುಟಿಯ ಮೇಲೆ ಅವಳಿಗೆ ಅಪರಿಚಿತವಾಗಿಬಿಟ್ಟಿತು. ಕನ್ನಡದ ತುಟಿಗಳಿರುವ ಮನೆ ಬೇಕಾಗಿತ್ತು. ನಮ್ಮ ಕಡೆಯ ಪುರೋಹಿತರೊಬ್ಬರ ಹಳೆಯ ಮನೆಯ ಮೇಲಂತಸ್ತು ಸಿಕ್ಕಿತು. ಅವರ ತಾತನ ಕಾಲದಿಂದಲೂ ಆ ಮನೆಯವರು ಕರ್ನಾಟಕದಿಂದ ಬರುವವರಿಗೆ ಕರ್ಮ ಮಾಡಿಸುತ್ತಾರೆ. ಮಕ್ಕಳು ಹಿಂದಿಯಲ್ಲೇ ಜಗಳವಾಡುತ್ತವೆ. ಪುರೋಹಿತರು ಮತ್ತು ಅವರ ಹೆಂಡತಿ ಮಾತ್ರ ನಮ್ಮ ಹತ್ತಿರ ಕನ್ನಡ.

ಸಾಮಾನು ಇಳಿಸಿದ ವಾರದಲ್ಲೇ ನಾನು ಸ್ಪೀಕರಿನ ಅಂಗಡಿಗೆ ಹೋದೆ. ಅವಳ ಕಿವಿಯಲ್ಲಿ ಉಳಿದಿರುವುದಕ್ಕೆ ಸರಿಯಾಗಿ ಒಂದು ಕೋಣೆಯನ್ನು ಹೊಂದಿಸಿಕೊಡುತ್ತೇನೆ, ಕಿವಿಯ ಬಾಗಿಲು ಮುಚ್ಚುವ ಮೊದಲು ಅವಳಿಗೆ ಬೇಕಾದದ್ದೆಲ್ಲ ಒಳಗೆ ಸೇರಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಅಂಗಡಿಯವನಿಗೆ ನನ್ನ ತಲೆಯಲ್ಲಿದ್ದದ್ದು ಬೇಕಾಗಿರಲಿಲ್ಲ. ಅವನು ಹೋಮ್ ಥಿಯೇಟರಿನ ದೊಡ್ಡ ಸೆಟ್ಟಿನ ಮುಂದೆ ನನ್ನನ್ನು ಕೂರಿಸಿ ಯಾವುದೋ ಯುದ್ಧದ ದೃಶ್ಯ ಹಾಕಿದ. ನನ್ನ ತಲೆಯ ಹಿಂದಿನಿಂದ ಹೆಲಿಕಾಪ್ಟರ್ ಹಾರಿತು. "ಸರ್‌ಜೀ, ದೀವಾರ್ ಹಿಲ್ ಜಾಯೇಗೀ" ಎಂದು ಹೆಮ್ಮೆಪಟ್ಟ. ಗೋಡೆ ಅಲುಗುತ್ತದಂತೆ. ನಮ್ಮ ಮನೆಯ ಗೋಡೆ ಅವನ ಸಹಾಯವಿಲ್ಲದೆಯೇ ಅಲುಗುತ್ತದೆ ಎಂದುಕೊಂಡೆ.

ಆ ಸೆಟ್ಟನ್ನು ನಮ್ಮ ಕೋಣೆಗೆ ತಂದಿದ್ದರೆ ಹಿಂದಿನ ಎರಡು ಸ್ಪೀಕರುಗಳಲ್ಲಿ ಒಂದನ್ನು ಹೊಲಿಗೆ ಯಂತ್ರದ ಮೇಲೂ ಇನ್ನೊಂದನ್ನು ದೇವರ ಗೂಡಿನಲ್ಲೂ ಇಡಬೇಕಾಗುತ್ತಿತ್ತು. ಮಂಚ, ಅಲ್ಮಾರಿ, ನನ್ನ ಪುಸ್ತಕ ಎಲ್ಲ ಸೇರಿದ ಮೇಲೆ ಅಲ್ಲಿ ಉಳಿಯುವುದು ಎರಡು ಕುರ್ಚಿಯ ಜಾಗ. ಟಿವಿಯ ಕೆಳಗೆ ಇಡುವ ಉದ್ದನೆಯ ಸೌಂಡ್‌ಬಾರ್ ನೋಡಿದೆ. ಅದರಲ್ಲಿ ಮಾತು ಸ್ಪಷ್ಟ, ಆದರೆ ತಂಬೂರಿಯೂ ಪಿಟೀಲೂ ಗಾಯಕಿಯೂ ಒಂದೇ ಕಿಂಡಿಯಿಂದ ಇಣುಕಿದ ಹಾಗೆ ಕೇಳಿಸುತ್ತಿತ್ತು; ಕೋಣನಿಗೂ ಅಷ್ಟು ಗೊತ್ತಾಯಿತು. ಕೊನೆಗೆ ಒಂದು ಜೊತೆ ಚಿಕ್ಕ ಸ್ಪೀಕರು, ಅದಕ್ಕೊಂದು ಆಂಪ್ಲಿಫೈಯರು, ವೈಫೈ ಮೂಲಕ ನೇರವಾಗಿ ಹಾಡು ತೆಗೆದುಕೊಳ್ಳುವಂಥದ್ದು. ಟಿವಿಗೂ ಅದೇ. ಅದನ್ನು ಕೊಂಡು ಮನೆಗೆ ಬಂದು ಅವಳಿಗೆ, ತಗ್ಗಿನ ಸದ್ದಿಗೆಂದೇ ಇರುವ ಸಬ್‌ವೂಫರ್ ಡಬ್ಬವನ್ನೂ ತರುತ್ತೇನೆ, ನಿನಗೆ ತಗ್ಗಿನ ಸದ್ದೇ ಅಲ್ಲವೇ ಇನ್ನೂ ಕೇಳುವುದು ಎಂದೆ.

"ಬೇಡ್ರೀ, ಅದು ಕೆಳಗೆ ಗುದ್ದುತ್ತೆ. ಕೆಳಗಿರೋರು ಸತ್ತೋರ ಮನೆಯೋರು" ಎಂದಳು.

ಅದು ನಿಜ. ಪುರೋಹಿತರ ಮನೆಯ ಕೆಳಗಿನ ಕೋಣೆಗಳಲ್ಲಿ ಇಳಿದುಕೊಳ್ಳುತ್ತಿದ್ದವರು ಯಾತ್ರೆಗೆ ಬಂದವರಲ್ಲ. ಮಣಿಕರ್ಣಿಕೆಯ ಘಾಟಿನಲ್ಲಿ ಹೆಣ ಸುಟ್ಟು ಬಂದವರು, ಅಸ್ಥಿ ಹಿಡಿದು ಬಂದವರು, ಹನ್ನೆರಡನೆಯ ದಿನದ ತನಕ ಇದ್ದು ಎಲ್ಲ ಮುಗಿಸಿ ಹೋಗುವವರು. ಒಂದು ಮನೆಯವರು ಗಂಟುಮೂಟೆ ಕಟ್ಟುವಾಗಲೇ ಇನ್ನೊಂದು ಮನೆಯವರು ಆಟೋ ಇಳಿಯುತ್ತಿದ್ದರು. ಬೇರೆಯವರ ಮನೆಗೆ ಸೂತಕ ಬರುತ್ತದೆ, ಹೋಗುತ್ತದೆ. ನಮ್ಮ ಮೆಟ್ಟಿಲ ಕೆಳಗೆ ಅದು ಬಾಡಿಗೆಗೆ ಇತ್ತು.

ಆದರೂ ನಾನು ಕೋಣೆ ಸಜ್ಜುಮಾಡಿದೆ. ಕಲ್ಲಿನ ನೆಲಕ್ಕೆ ಸದ್ದು ಬಡಿದು ವಾಪಸು ಬರುತ್ತಿತ್ತು; ದಪ್ಪ ಜಮಖಾನ ಹಾಸಿದೆ. ಹಿಂದಿನ ಗೋಡೆಗೆ ಚಳಿಗಾಲದ ರಜಾಯಿ ತೂಗುಹಾಕಿದೆ. ಸ್ಪೀಕರುಗಳನ್ನು ಗೋಡೆಯಿಂದ ಮುಂದಕ್ಕೆಳೆದು, ಅವಳು ಕೂರುವ ಕುರ್ಚಿಯ ಕಡೆಗೆ ತಿರುಗಿಸಿ, ಕುರ್ಚಿಯನ್ನು ಹಿಂದೆ ಮುಂದೆ ಜರುಗಿಸಿ, ದಾರ ಹಿಡಿದು ಅಳೆದೆ. ಸ್ಟ್ರೀಮಿಂಗಿನ ಆ್ಯಪಿಗೆ ನಾವಿರುವ ಊರು ಗೊತ್ತು, ನಾವು ಯಾರೆಂದು ಗೊತ್ತಿಲ್ಲ. ತೋಡಿ ರಾಗ ಕೇಳಿದರೆ ಭೋಜ್‌ಪುರಿ ಮದುವೆ ಹಾಡು ಕೊಟ್ಟಿತು. ಅದಕ್ಕೂ ಬುದ್ಧಿ ಕಲಿಸಿದೆ. ಮೆಲ್ಲಗೆ, ತೀರ ಮೆಲ್ಲಗೆ ಹಾಕಿ ನೋಡಿದೆ.

"ಚೆನ್ನಾಗಿದೆ" ಎಂದಳು. "ಇನ್ನು ಆರಿಸಿಬಿಡಿ. ಕೆಳಗಿನೋರು ಹೋಗ್ಲಿ, ಆಮೇಲೆ ಜೋರಾಗಿ ಹಾಕೋಣ."

ಆ ಕೆಳಗಿನವರು ಹೋದರು. ಮಾರನೆಯ ದಿನವೇ ಹಾಸನದ ಕಡೆಯವರು ಬಂದರು. ಅವರು ಹೋದರು, ದಾವಣಗೆರೆಯವರು ಬಂದರು. ನಾನು ದಿನಾ ಸ್ಪೀಕರಿನ ಧೂಳು ಒರೆಸುತ್ತಿದ್ದೆ. ಬೆಳಗ್ಗೆ ಕಾಫಿಗೆ ಅವಳನ್ನು ಎರಡು ಸಲ ಕರೆಯುತ್ತಿದ್ದವನು ಈಗ ಹೋಗಿ ಭುಜ ಮುಟ್ಟುತ್ತಿದ್ದೆ. ಗೆರೆ ಇಳಿಯುತ್ತಲೇ ಇತ್ತು, ನಾವು ಯಾರದೋ ಮನೆಯ ವೈಕುಂಠ ಸಮಾರಾಧನೆಗೆ ಕಾಯುತ್ತ ಕೂತಿದ್ದೆವು. ತಡೆಯಲಾರದೆ ಒಂದು ದಿನ ಪುರೋಹಿತರನ್ನೇ ಮೆಟ್ಟಿಲ ಹತ್ತಿರ ಹಿಡಿದು ಕೇಳಿದೆ, ಹಾಡು ಹಾಕಿದರೆ ತಪ್ಪಾಗುತ್ತದೆಯೇ ಎಂದು.

ಅವರು ಬಾಯಲ್ಲಿದ್ದ ಪಾನನ್ನು ಒಂದು ಕೆನ್ನೆಗೆ ತಳ್ಳಿಕೊಂಡು ನಕ್ಕರು. "ಅರೇ ಮೇಷ್ಟ್ರೇ, ಹಚ್ಚಿ, ಬೇಫಿಕರ್ ಹಚ್ಚಿ. ಕಾಶೀಲಿ ಸೂತಕ ಎಣಿಸ್ತಾ ಕೂತ್ರೆ ನಮ್ಮ ಮನೇಲಿ ಒಂದು ದೀಪಾವಳೀನೂ ಆಗ್ತಿರ್ಲಿಲ್ಲ. ಪಾರ್ಟಿಯೋರು, ಕರ್ಮಕ್ಕೆ ಬಂದೋರು, ಏನೂ ಅನ್ನಲ್ಲ. ದಿನಾ ಘಾಟಿಗೆ ಹೋಗಿ ಬಂದು ಮಲಗ್ತಾರೆ, ಅಷ್ಟೇ."

ನಾನು ಗೆದ್ದವನ ಹಾಗೆ ಮೆಟ್ಟಿಲು ಹತ್ತಿ ಬಂದು, ಅವಳ ಎದುರು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು.

"ಅವರಿಗೆ ಅಭ್ಯಾಸವಾಗಿದೆ. ನಮಗೆ ಮನಸ್ಸು ಬರ್ಬೇಕಲ್ಲ? ಕೆಳಗೆ ದಾವಣಗೆರೆಯೋರ ಆ ಹುಡುಗಿ ತಲೆ ಬಾಚ್ಕೊಳ್ದೆ ಕೂತಿರುತ್ತೆ, ಮೇಲೆ ನಾವು ಕಛೇರಿ ಕೇಳೋದೇ? ಬೇಡ್ರೀ."

ನನಗೆ ಎಲ್ಲಿಲ್ಲದ ಕೋಪ ಬಂತು. ಮಡಿ ಮೈಲಿಗೆಯ ಲೆಕ್ಕವೇ ಇಡದವಳು ಇವಳು. ನಮ್ಮದೇ ಮನೆಯ ಸೂತಕದಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ನನ್ನ ತಂದೆಯ ಹತ್ತಿರ ಬೈಸಿಕೊಂಡವಳು. ಈ ವಯಸ್ಸಿನಲ್ಲಿ, ಗೊತ್ತಿಲ್ಲದವರ ಸಾವಿಗೆ ಇಷ್ಟು ಆಚಾರ ಎಲ್ಲಿಂದ ಬಂತು? ಕಾಶಿಯ ನೀರು ಎಲ್ಲರನ್ನೂ ಮುದುಕರನ್ನಾಗಿ ಮಾಡುತ್ತದೆ ಎಂದು ಗೊಣಗಿದೆ. ಬೆನ್ನು ಅವಳ ಕಡೆಗಿತ್ತು, ಆದ್ದರಿಂದ ಅದು ಅವಳಿಗೆ ತಲುಪಲಿಲ್ಲ.

ಪಿತೃಪಕ್ಷ ಬಂತು. ಆ ದಿನಗಳಲ್ಲಿ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ನಮ್ಮ ಮೆಟ್ಟಿಲ ಮೇಲೂ ಒದ್ದೆ ಪಂಚೆ ಒಣಗುತ್ತಿದ್ದವು. ಮಹಾಲಯ ಅಮಾವಾಸ್ಯೆ ಮುಗಿಯಿತು ನೋಡಿ, ಸಂತೆ ಕಿತ್ತ ಹಾಗೆ ಎಲ್ಲರೂ ಖಾಲಿ. ನವರಾತ್ರಿಯ ಮೊದಲ ದಿನ ಪುರೋಹಿತರು ಕೆಳಗಿನ ಕೋಣೆಗಳನ್ನೆಲ್ಲ ತೊಳೆಸಿ, ಬಾಗಿಲು ತೆರೆದಿಟ್ಟು, ಕುಟುಂಬ ಸಮೇತ ದುರ್ಗೆಯ ದರ್ಶನಕ್ಕೆ ಹೋದರು. ಇಡೀ ಮನೆಯಲ್ಲಿ ನಾವಿಬ್ಬರೇ.

"ಇವತ್ತು ಯಾರ ಸೂತಕವೂ ಇಲ್ಲ" ಎಂದೆ.

ಅವಳು ಕಿಟಕಿಯಿಂದ ಬಗ್ಗಿ ಅಂಗಳ ನೋಡಿದಳು. ತುಸು ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಡಾಕ್ಟರು ಕೊಡಿಸಿದ್ದ ಕಿವಿಯ ಮಶೀನು ತೆಗೆದು ಡಬ್ಬಿಯಲ್ಲಿಟ್ಟಳು. ಅದರಲ್ಲಿ ಹಾಡು ತಗಡು ಬಡಿದ ಹಾಗೆ ಕೇಳುತ್ತದೆ ಎಂದು ಮೊದಲಿನಿಂದಲೂ ಹೇಳುತ್ತಿದ್ದಳು. ಬೇರೆ ಸೀರೆ ಉಟ್ಟು ಬಂದು, ನಾನು ಅಳೆದು ಇಟ್ಟಿದ್ದ ಕುರ್ಚಿಯಲ್ಲಿ ಕೂತಳು. ಯಾವುದು ಹಾಕಲಿ ಎಂದು ಕೇಳಿದರೆ "ನಿಮಗೆ ಯಾವುದು ಬೇಕೋ ಅದು" ಎಂದಳು. ರೇಡಿಯೋದ ತಿರುಪನ್ನು ಎಂದೂ ನನ್ನ ಕೈಗೆ ಕೊಡದಿದ್ದ ಹೆಂಗಸು.

ನಾನು ತೋಡಿ ಹಾಕಿದೆ. ಜೋರಾಗಿಯೇ ಹಾಕಿದೆ. ಕೋಣೆ ತುಂಬಿತು. ರಜಾಯಿ, ಜಮಖಾನ, ದಾರದ ಅಳತೆ, ಎಲ್ಲ ಸಾರ್ಥಕವಾಯಿತು ಎನ್ನಿಸುವಷ್ಟು ಚೆನ್ನಾಗಿತ್ತು. ಹೆಣ್ಣು ಧ್ವನಿ ನಮ್ಮ ಎದುರಿಗೇ, ಟಿವಿಯ ಮೇಲಿದ್ದ ತಂಬೂರಿಯ ಚಿತ್ರದಿಂದಲೇ ಎದ್ದು ಬರುತ್ತಿತ್ತು. ತಿರುಗಿ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ನಗುತ್ತಿದ್ದಳು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಅಚ್ಚುಕಟ್ಟಾದ ಆದಿತಾಳ.

ಹಾಡು ಇನ್ನೂ ಶುರುವಾಗಿರಲಿಲ್ಲ. ಅದು ಆಲಾಪನೆ. ಆಲಾಪನೆಗೆ ತಾಳವಿಲ್ಲ. ಸಾಹಿತ್ಯ ಬಂದ ಮೇಲೆ ತಾಳ. ಅಲ್ಲಿಯ ತನಕ ರಾಗ ತನ್ನಿಷ್ಟದ ಹಾಗೆ ಅಲೆಯುತ್ತದೆ. ಇದು ಕಛೇರಿಯಲ್ಲಿ ಕಾಫಿ ಹಂಚುವವನಿಗೂ ಗೊತ್ತು. ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ನೀರಿಲ್ಲದ ಕಡೆ ಈಜುವವರ ಹಾಗೆ ಅವಳ ಕೈ ಆಡುತ್ತಿತ್ತು.

ಸೂತಕ ಏನೆಂದು ನನಗೆ ಆಗ ತಿಳಿಯಿತು. ಹಾಸನದವರು, ದಾವಣಗೆರೆಯವರು, ತಲೆ ಬಾಚದ ಹುಡುಗಿ, ಯಾರಿಗಾಗಿಯೂ ಅವಳು ಕಾಯುತ್ತಿರಲಿಲ್ಲ. ನಾನು ಸ್ಪೀಕರು ತರುವ ಹೊತ್ತಿಗೇ ಅವಳ ಪಾಲಿಗೆ ಹಾಡು ಮುಗಿದಿತ್ತು. ದಾರ ಹಿಡಿದು ಕುರ್ಚಿ ಅಳೆಯುತ್ತಿದ್ದ ನನ್ನ ಮುಖ ನೋಡಿ ಅವಳು ಅದನ್ನು ಹೇಳಲಾರದೆ ಹೋದಳು. ಬೇರೆಯವರ ಸಾವುಗಳನ್ನು ಒಂದರ ಹಿಂದೊಂದು ನನ್ನ ಎದುರು ಅಡ್ಡ ಇಟ್ಟಳು. ಇವತ್ತು ಇಡಲು ಒಂದೂ ಸಿಗಲಿಲ್ಲ.

ಅವಳು ಕಣ್ಣು ತೆರೆದಳು. ನಾನು ನೋಡುತ್ತಿರುವುದನ್ನು ನೋಡಿದಳು.

"ಸ್ವಲ್ಪ ಕಮ್ಮಿ ಮಾಡ್ರೀ" ಎಂದಳು. "ಜಾಸ್ತಿಯಾಯ್ತು."

ನಾನು ಎದ್ದು ಹೋಗಿ, ಆಂಪ್ಲಿಫೈಯರಿಗೆ ನನ್ನ ಮೈ ಅಡ್ಡವಾಗುವ ಹಾಗೆ ನಿಂತು, ತಿರುಪನ್ನು ಹಿಂದಕ್ಕೆ ತಿರುಗಿಸಿದೆ. ಸ್ವಲ್ಪ ತಿರುಗಿಸಿ ನಿಲ್ಲಿಸಬೇಕೆಂದೇ ಹೋದವನು. ಕೈ ನಿಲ್ಲಲಿಲ್ಲ. ಧ್ವನಿ ಸಣ್ಣಗಾಯಿತು, ಎಳೆಯಾಯಿತು, ಇಲ್ಲವಾಯಿತು. ತಿರುಪು ಮುಂದೆ ಹೋಗಲಾರದೆ ನಿಂತಿತು.

"ಹಾಂ, ಈಗ ಹದವಾಗಿದೆ" ಎಂದಳು.

ತಿರುಗಿ ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಅವಳ ಕೈ ತೊಡೆಯ ಮೇಲೆ ಬೀಳುವುದು ನನ್ನ ಬೆನ್ನ ಹಿಂದೆ ಕೇಳುತ್ತಿತ್ತು. ಕೋಣೆಯಲ್ಲಿ ಇದ್ದದ್ದು ಅದೊಂದೇ ಸದ್ದು.