ಓಟ ಇಳಿಸಿದ ಐದು ವಾರ

1963ನೇ ಇಸವಿ ಜನವರಿ 20, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಡೂರಿನಲ್ಲಿ ಓಟ ಶುರುವಾಯಿತು. ನಮ್ಮೂರು ತರೀಕೆರೆಯವರೆಗೆ ಇಪ್ಪತ್ತೊಂದು ಮೈಲಿ. ಹೊರಟವರು ಇಪ್ಪತ್ತಮೂರು ಜನ, ಮುಟ್ಟಿದವರು ಒಂಬತ್ತು. ನಾನು ಎರಡನೆಯವನು, ಎರಡು ಗಂಟೆ ಇಪ್ಪತ್ತೆಂಟು ನಿಮಿಷ. ಮೊದಲ ಮೂವರಿಗೆ ಫೆಬ್ರವರಿ 24ರಂದು ಬೆಂಗಳೂರಿನ ಮ್ಯಾರಥಾನ್ ಆಯ್ಕೆಯಲ್ಲಿ ಓಡುವ ಅವಕಾಶವಿತ್ತು. ಅಲ್ಲಿ ಇಪ್ಪತ್ತಾರು ಮೈಲಿ ಚಿಲ್ಲರೆ.

ಮಾರನೆಯ ದಿನ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲಾಗಲಿಲ್ಲ. ಮೂರು ಉಗುರು ಕಪ್ಪಾಗಿದ್ದವು. ಬಲಗಾಲಿನ ಕೊನೆಯ ಎರಡು ಬೆರಳು ಮರಗಟ್ಟಿದ್ದವು. ಅಪ್ಪ ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು, ಬಿಸಿ ಹರಳೆಣ್ಣೆ ಹಚ್ಚಿ ಆ ಎರಡು ಬೆರಳು ಒತ್ತುತ್ತಿದ್ದರು. ಗೊತ್ತಾಗುತ್ತದೆಯೇ ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಅಷ್ಟೇ ಮಾತು. ನನ್ನ ದಿನಚರಿಯಲ್ಲಿ ಹತ್ತು ದಿನ ಸಾಲಾಗಿ ‘ಬೆರಳು: ಇಲ್ಲ’ ಎಂದಿದೆ. ಜನವರಿ 31ರಂದು ‘ಬೆರಳು: ಗೊತ್ತಾಯಿತು’ ಎಂದಿದೆ.

ನನಗೆ ಓಟ ಕಲಿಸಿದವರು ಸೈನ್ಯದಿಂದ ನಿವೃತ್ತರಾಗಿ ತರೀಕೆರೆಗೆ ಮರಳಿದ್ದ ಒಬ್ಬ ಹವಾಲ್ದಾರ್ ಸಾಹೇಬರು. ಅವರು ಒಂದು ರಟ್ಟಿನ ಚೂರಿನ ಮೇಲೆ ಉಳಿದ ವಾರಗಳ ಲೆಕ್ಕ ಬರೆದುಕೊಟ್ಟರು. ಮೊದಲ ವಾರ ಬರಿ ನಡಿಗೆ. ಎರಡನೆಯದರಲ್ಲಿ ಮೂವತ್ತು ಮೈಲಿ, ಮೂರನೆಯದರಲ್ಲಿ ನಲವತ್ತು. ಅಲ್ಲಿಂದ ಇಳಿಸುತ್ತ ಬಂದು ನಾಲ್ಕನೆಯದರಲ್ಲಿ ಇಪ್ಪತ್ತು, ಕೊನೆಯದರಲ್ಲಿ ಆರೇ ಮೈಲಿ. ಕೊನೆಯ ವಾರ ನನಗೆ ಅರ್ಥವಾಗಲಿಲ್ಲ. ಓಟ ಹತ್ತಿರ ಬಂದಾಗ ಓಡಬಾರದು ಎಂದರೆ ಹೇಗೆ ಎಂದು ಕೇಳಿದೆ.

“ಮೈ ಬೆಳ್ಸೋದು ಮುಗೀತು ಬೇಟಾ,” ಎಂದರು. “ಇನ್ನು ಉಳಿಸ್ಕೊಳ್ಳೋದು. ಅದೇ ಕಷ್ಟ.”

ನಿಜವಾಗಿ ಕಷ್ಟವೇ ಆಯಿತು. ಗಟ್ಟಿಮುಟ್ಟಾದ ಮಗ ಎರಡು ಮುದ್ದೆ ಉಂಡು ಹಗಲು ಹೊತ್ತು ಜಗಲಿಯ ಮೇಲೆ ಕಾಲು ಚಾಚಿ ಕೂತರೆ ಬೀದಿಯವರು ಸುಮ್ಮನಿರುವುದಿಲ್ಲ. ನಿನ್ನ ಮಗ ಏನು ಬಸುರಿಯೇನೋ ಎಂದು ಎದುರು ಮನೆಯಾಕೆ ಅವ್ವನನ್ನು ಕೇಳಿದಳಂತೆ. ಅವ್ವ ನನಗೆ ದೃಷ್ಟಿ ತೆಗೆದಳು. ಅಣ್ಣ ಒಬ್ಬನೇ ತೋಟಕ್ಕೆ ನೀರು ಕಟ್ಟುತ್ತಿದ್ದ. ಅಪ್ಪ ಮಾತ್ರ, ಅವನನ್ನು ಕರೀಬೇಡಿ, ಅವನ ಕೆಲಸ ಕೂರೋದು ಎಂದರು.

ಫೆಬ್ರವರಿ 19, ಮಂಗಳವಾರ. ರಟ್ಟಿನಲ್ಲಿ ಆ ದಿನದ ಮುಂದೆ ‘ವಿಶ್ರಾಂತಿ’ ಎಂದಿತ್ತು. ಬೆಳಿಗ್ಗೆ ಐದೂವರೆಗೆ ಅಪ್ಪ ಎದೆ ಹಿಡಿದುಕೊಂಡು ಹಟ್ಟಿಯ ಬಾಗಿಲಲ್ಲಿ ಕುಸಿದರು. ಆರು ಇಪ್ಪತ್ತಕ್ಕೆ ಹೋದರು.

ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ನಮ್ಮಲ್ಲಿ ಸಾವಿನ ಸುದ್ದಿಯನ್ನು ತಂತಿಯಲ್ಲಿ ಕಳಿಸುವುದಿಲ್ಲ, ಮನೆಯವರೇ ಹೋಗಿ ಮುಟ್ಟಿಸಬೇಕು. ಹೆಣ್ಣುಮಗಳಿಗಾದರೆ ‘ಹೋದರು’ ಎಂದು ನೇರವಾಗಿ ಹೇಳುವಂತಿಲ್ಲ. ‘ಹುಷಾರಿಲ್ಲ, ಬಾ’ ಎಂದು ಕರೆದು ತರಬೇಕು. ಅಣ್ಣ ಹೆಣದ ಹತ್ತಿರ ಇರಬೇಕಿತ್ತು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಬೀದಿಯ ಒಂದೇ ಸೈಕಲ್ಲು ಅದರ ಯಜಮಾನನ ಜೊತೆ ಲಕ್ಕವಳ್ಳಿ ಅಣೆಕಟ್ಟಿನ ಕೆಲಸಕ್ಕೆ ಹೋಗಿತ್ತು.

“ನೀನು ಓಡೋನಲ್ವೇನೋ,” ಎಂದ ಅಣ್ಣ. “ಮೂರಕ್ಕೆ ರಾಹುಕಾಲ. ಎರಡರ ತನಕ ಕಾಯ್ತೀವಿ. ಅವಳು ಮುಖ ನೋಡ್ಲಿ.”

ಏಳು ಐದಕ್ಕೆ ಉಟ್ಟ ಪಂಚೆಯನ್ನೇ ಎತ್ತಿ ಕಟ್ಟಿ ಹೊರಟೆ. ಹನ್ನೆರಡು ಮೈಲಿ. ಬೇರೆ ಯಾವ ಗಂಡಸು ಆ ರಸ್ತೆಯಲ್ಲಿ ಹಾಗೆ ಓಡಿದ್ದರೂ ಯಾರಪ್ಪಾ ಹೋದ್ರು ಎಂದು ಕೇಳುತ್ತಿದ್ದರು. ನನ್ನನ್ನು ಎಲ್ಲರೂ ಬಲ್ಲರು. ಗಾಡಿಯವನೊಬ್ಬ, ಏನಪ್ಪಾ, ಬೆಂಗಳೂರಿಗೆ ಹೀಗೇ ಹೋಗ್ತೀಯೋ ಎಂದು ನಕ್ಕ. ಕೈಯೆತ್ತಿದೆ. ಹತ್ತನೇ ಮೈಲಿಗಲ್ಲಿನ ಹತ್ತಿರ ಕಾಲು ಚೆನ್ನಾಗಿ ಬರುತ್ತಿದೆ ಎಂದು ಅನಿಸಿದ್ದು ನೆನಪಿದೆ.

ಎಂಟು ಮೂವತ್ತಾರಕ್ಕೆ ಮುಟ್ಟಿದೆ. ಅಕ್ಕ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಓಡಿ ಓಡಿ ನನ್ನ ಮನೆಗೂ ಬಂದೆಯಲ್ಲ ಎಂದಳು. ಚೊಂಬು ತುಂಬ ಮಜ್ಜಿಗೆ ಕೊಟ್ಟಳು. ಕುಡಿದೆ.

“ಅಪ್ಪ ಹೆಂಗವ್ರೋ?”

“ಮನೇಲೇ ಅವ್ರೆ,” ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ‘ಹುಷಾರಿಲ್ಲ’ ಎಂಬ ಮಾತು ಬಾಯಿಗೆ ಬರಲಿಲ್ಲ. ಅವಳು ರೊಟ್ಟಿ ತಟ್ಟಿದಳು. ಎರಡು ತಿಂದೆ. ಅಳುವೂ ಬರಲಿಲ್ಲ, ಅವಸರವೂ ಆಗಲಿಲ್ಲ. ಬೆಂಗಳೂರಿಗೆ ಯಾವ ರೈಲಿಗೆ ಹೋಗುತ್ತೀ, ಯಾರ ಮನೆಯಲ್ಲಿ ಇಳಿಯುತ್ತೀ ಎಂದು ಕೇಳಿದಳು. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟೆ. ಹನ್ನೊಂದೂ ಇಪ್ಪತ್ತಕ್ಕೆ ಹೊಲದಿಂದ ಬಂದ ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಪಂಚೇಲಿ ಯಾರ್ ಪ್ರಾಕ್ಟೀಸ್ ಓಡ್ತಾರೋ?” ಎಂದರು. ಆಮೇಲೆ ಮೆಲ್ಲಗೆ, “ಮಾವನಾ?” ಎಂದರು.

ತಲೆಯಾಡಿಸಿದೆ. ಅಕ್ಕ ಒಲೆಯ ಮುಂದಿನಿಂದ ಇದನ್ನು ನೋಡುತ್ತಿದ್ದಳು.

ಬಸ್ಸು ಸಿಕ್ಕಿದ್ದು ಒಂದು ಗಂಟೆಗೆ. ತರೀಕೆರೆಯಲ್ಲಿ ಇಳಿದಾಗ ಎರಡೂ ಇಪ್ಪತ್ತು. ಅಲ್ಲಿಂದ ಅಕ್ಕ ಓಡಿದಳು, ನಾನು ಹಿಂದೆ ಓಡಿದೆ. ಮನೆಯಲ್ಲಿ ಅಪ್ಪ ಇರಲಿಲ್ಲ. ತೋಟದ ಬದುವಿಗೆ ಹೋದಾಗ ಮಣ್ಣು ಎಳೆದು ಮುಗಿಯುತ್ತಿತ್ತು. ಒಂದು ಸಲ ತೆಗೆಯಿರಿ ಎಂದು ಅಕ್ಕ ಕೇಳಿದಳು. ಹಾಕಿದ ಮಣ್ಣನ್ನು ತೆಗೆಯುವ ಪದ್ಧತಿಯಿಲ್ಲ.

ಆ ದಿನದ ದಿನಚರಿ: ‘12 ಮೈಲಿ. 1 ಗಂಟೆ 31 ನಿಮಿಷ. ಅಪ್ಪ.’ ಮೂರನೆಯ ದಿನ ಹವಾಲ್ದಾರ್ ಸಾಹೇಬರು ಬಂದು ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತು ಹೋದರು. 24ನೇ ತಾರೀಖು ಸೂತಕದಲ್ಲೇ ಕಳೆಯಿತು. ಅದರ ಮುಂದೆ ಸೊನ್ನೆ ಬರೆದಿದ್ದೇನೆ.

ಈಗ ಮೂರು ವರ್ಷ ಆಯಿತು. ಅಕ್ಕ ತವರಿಗೆ ಬರುತ್ತಾಳೆ, ಎಲ್ಲರ ಹತ್ತಿರ ಮಾತಾಡುತ್ತಾಳೆ, ನನಗೂ ಬಡಿಸುತ್ತಾಳೆ. ಹೋದ ಯುಗಾದಿಗೆ ಮಾತ್ರ ಒಂದು ಮಾತು ಹೇಳಿದಳು. ಅವತ್ತು ಒಂಬತ್ತೂವರೆಗೆ ಬಸ್ಸೊಂದಿತ್ತು, ನಾನು ರೊಟ್ಟಿ ತಿನ್ನುವಾಗ ತನಗೆ ಅದರ ಹಾರನ್ ಕೇಳಿಸಿತ್ತು ಎಂದಳು. ಅದನ್ನು ಹಿಡಿದಿದ್ದರೆ ಹನ್ನೊಂದರೊಳಗೆ ಮನೆ ಸೇರುತ್ತಿದ್ದೆವು. ಭಾವ ಆ ಬಸ್ಸು ಆ ತಿಂಗಳು ನಿಂತಿತ್ತು ಎನ್ನುತ್ತಾರೆ. ನನಗೆ ಹಾರನ್ ಕೇಳಿದ ನೆನಪಿಲ್ಲ. ಆ ಬಸ್ಸಿನ ಕಂಪನಿ ಈಗಿಲ್ಲ. ಕೈಬರಹದ ವೇಳಾಪಟ್ಟಿ ಅಂಟಿಸುತ್ತಿದ್ದ ಹೋಟೆಲಿನ ಗೋಡೆಗೂ ಸುಣ್ಣ ಬಳಿದಿದ್ದಾರೆ.

1963ರ ಫೆಬ್ರವರಿ 19ರ ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೆ ಅಜ್ಜಂಪುರದಿಂದ ತರೀಕೆರೆಗೆ ಬಸ್ಸು ಹೊರಟಿತೇ, ಇಲ್ಲವೇ? ಅದರಲ್ಲಿ ಕೂತು ಬಂದವರು, ಅದನ್ನು ಓಡಿಸಿದವರು, ಟಿಕೆಟ್ ಹರಿದವರು ಯಾರಾದರೂ ಇದನ್ನು ಓದಿದರೆ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಹೊರಟಿತ್ತು ಎಂದಾದರೂ ಸರಿ, ಹಾಗೆಯೇ ಬರೆಯಿರಿ.